ಎಡಗೈ ಹರಳು, ಬಲಗೈ ಹರಳು

ಹುಣಸೆಹಣ್ಣಿನ ಹೆಸರೆತ್ತಿದರೆ ಬಾಯಲ್ಲಿ ನೀರೂರುತ್ತದೆ. ಸಾರಿಗೂ ಗೊಜ್ಜಿಗೂ ರುಚಿ ಕೊಡುವ ಆ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲವೆಂಬ ವಸ್ತು. ದ್ರಾಕ್ಷಿಯ ಹುಳಿಯಲ್ಲಿರುವುದೂ ಇದೇ. ದ್ರಾಕ್ಷಿಯ ರಸವನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿ ಹುದುಗಿಸುವ ಫ್ರಾನ್ಸ್ ದೇಶದಲ್ಲಿ, ಪೀಪಾಯಿಗಳ ಒಳಮೈಗೆ ಕಾಲಕ್ರಮದಲ್ಲಿ ಗಟ್ಟಿಯಾದ ಒಂದು ಪದರ ಕಟ್ಟುತ್ತದೆ. ಅದನ್ನು ಕೆರೆದು ಶುದ್ಧಿಮಾಡಿದರೆ ಟಾರ್ಟಾರಿಕ್ ಆಮ್ಲದ ಹರಳುಗಳು ದೊರೆಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆಗೆ ಬಣ್ಣ ಹಾಕುವವರಿಗೆ ಇದು ಬೇಕಾದ ಸಾಮಗ್ರಿಯಾಗಿತ್ತು.

೧೮೨೦ರ ಸುಮಾರಿಗೆ ಆಲ್ಸೇಸ್ ಪ್ರಾಂತದ ಥಾನ್ ಎಂಬ ಊರಿನ ಕಾರ್ಖಾನೆಯಲ್ಲಿ ಟಾರ್ಟಾರಿಕ್ ಆಮ್ಲವನ್ನು ತಯಾರಿಸುತ್ತಿದ್ದಾಗ, ಅದರೊಡನೆ ಮತ್ತೊಂದು ಆಮ್ಲವೂ ಅನಿರೀಕ್ಷಿತವಾಗಿ ದೊರೆಯಿತು. ರಸಾಯನಶಾಸ್ತ್ರಜ್ಞರು ಅದನ್ನು ವಿಶ್ಲೇಷಿಸಿ ನೋಡಿದರು. ಇಂಗಾಲ, ಜಲಜನಕ, ಆಮ್ಲಜನಕ ಮೂರೂ ಟಾರ್ಟಾರಿಕ್ ಆಮ್ಲದಲ್ಲಿರುವ ಪ್ರಮಾಣದಲ್ಲಿಯೇ ಇದ್ದವು. ಸಾಮಗ್ರಿ ಒಂದೇ, ಅಳತೆ ಒಂದೇ. ಆದರೂ ವಸ್ತು ಬೇರೆ. ಅದಕ್ಕೆ ಪ್ಯಾರಾಟಾರ್ಟಾರಿಕ್ ಆಮ್ಲವೆಂದೂ, ದ್ರಾಕ್ಷಿಗೊಂಚಲಿನ ಲ್ಯಾಟಿನ್ ಹೆಸರಿನಿಂದ ರೇಸಿಮಿಕ್ ಆಮ್ಲವೆಂದೂ ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಒಗಟು ಬಿಡಿಸಿದಂತಾಗಲಿಲ್ಲ. ಅದನ್ನು ಬಿಡಿಸಲು ಪ್ರಯೋಗಶಾಲೆಯ ತಕ್ಕಡಿ ಸಾಲದೆ ಹೋಯಿತು; ಬೆಳಕಿನ ನೆರವು ಬೇಕಾಯಿತು.

ಬೆಳಕು ಅಲೆಯಾಗಿ ಸಾಗುತ್ತದೆ. ಇಬ್ಬರು ಹುಡುಗರು ಉದ್ದವಾದ ಹಗ್ಗದ ಎರಡು ತುದಿಗಳನ್ನು ಹಿಡಿದು ನಿಂತಿದ್ದಾರೆನ್ನೋಣ. ಒಬ್ಬನು ತನ್ನ ತುದಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಹಗ್ಗದ ಅಲೆ ಮೇಲೆ ಕೆಳಗೆ ತೂಗುತ್ತ ಸಾಗುತ್ತದೆ. ಪಕ್ಕಕ್ಕೆ ಆಡಿಸಿದರೆ ಪಕ್ಕಕ್ಕೆ ತೂಗುತ್ತ ಸಾಗುತ್ತದೆ. ಸೂರ್ಯನಿಂದಲೋ ದೀಪದಿಂದಲೋ ಬರುವ ಬೆಳಕಿನಲ್ಲಿ ಈ ತೂಗಾಟ ಎಲ್ಲ ದಿಕ್ಕುಗಳಲ್ಲಿಯೂ ಬೆರೆತಿರುತ್ತದೆ. ಹಗ್ಗವನ್ನು ಬೇಲಿಯ ಎರಡು ಗೂಟಗಳ ನಡುವಣ ಸಂದಿಯಲ್ಲಿ ತೂರಿಸಿದರೆ ಮೇಲೆ ಕೆಳಗಿನ ತೂಗಾಟ ಮಾತ್ರ ಆಚೆಗೆ ದಾಟುತ್ತದೆ, ಉಳಿದುದು ಗೂಟಕ್ಕೆ ತಾಗಿ ಅಡಗುತ್ತದೆ. ಹೀಗೆ ಒಂದೇ ಸಮತಲದಲ್ಲಿ ತೂಗುವಂತೆ ಆರಿಸಿ ತೆಗೆದ ಬೆಳಕಿಗೆ ಧ್ರುವೀಕೃತ ಬೆಳಕು ಎಂದು ಹೆಸರು. ನಮ್ಮ ಕಣ್ಣಿಗೆ ಈ ಬೆಳಕಿಗೂ ಸಾಮಾನ್ಯ ಬೆಳಕಿಗೂ ಯಾವ ಭೇದವೂ ಕಾಣುವುದಿಲ್ಲ.

ಭೇದವನ್ನು ತೋರಿಸಿಕೊಟ್ಟುದು ಐಸ್‌ಲೆಂಡಿನಿಂದ ಬರುತ್ತಿದ್ದ ಒಂದು ತಿಳಿಯಾದ ಹರಳು. ಅದರ ಮೂಲಕ ಏನನ್ನು ನೋಡಿದರೂ ಒಂದು ಎರಡಾಗಿ ಕಾಣುತ್ತದೆ. ೧೮೦೮ರಲ್ಲಿ ಮಾಲ್ಯೂಸ್ ಎಂಬ ಎಂಜಿನಿಯರು ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಕುಳಿತು, ಎದುರಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಯ ಗಾಜುಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಆ ಹರಳಿನ ಮೂಲಕ ನೋಡಿದನು. ಹರಳನ್ನು ಮೆಲ್ಲಗೆ ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಮಂಕಾಗುತ್ತ ಬಂದಿತು. ಇನ್ನಷ್ಟು ತಿರುಗಿಸಿದರೆ ಅದು ಬೆಳಗಿ ಮತ್ತೊಂದು ಮಂಕಾಯಿತು. ಗಾಜಿನ ಮೇಲೆ ಓರೆಯಾಗಿ ಬಿದ್ದು ಹಿಂದಿರುಗಿದ ಬೆಳಕು ಒಂದೇ ಸಮತಲದಲ್ಲಿ ತೂಗುತ್ತಿತ್ತೆಂಬುದೇ ಇದರ ಅರ್ಥ.

ಮುಂದೆ ವಿದ್ವಾಂಸರು ಬೆಳಕನ್ನು ಧ್ರುವೀಕರಿಸುವ ಎರಡು ಹರಳುಗಳನ್ನು ಒಂದರ ಹಿಂದೆ ಒಂದನ್ನು ಜೋಡಿಸಿ ಪರೀಕ್ಷೆಗಳನ್ನು ನಡೆಸಿದರು. ಮೊದಲನೆಯದು ಬೆಳಕನ್ನು ಒಂದು ಸಮತಲಕ್ಕೆ ತರುತ್ತದೆ. ಎರಡನೆಯದನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿ ಇಟ್ಟರೆ ಬೆಳಕು ಪೂರ್ತಿಯಾಗಿ ತಡೆದು ಕತ್ತಲಾಗುತ್ತದೆ. ಈಗ ಇವೆರಡರ ನಡುವೆ ನೀರು ತುಂಬಿದ ಕೊಳವೆಯನ್ನಿಟ್ಟರೆ ಕತ್ತಲೆ ಕತ್ತಲೆಯಾಗಿಯೇ ಉಳಿಯುತ್ತದೆ. ನೀರಿನ ಬದಲು ಸಕ್ಕರೆಯ ಪಾನಕವನ್ನಿಟ್ಟರೆ ಸೋಜಿಗ ನಡೆಯುತ್ತದೆ: ಮುಚ್ಚಿದ ಬೆಳಕು ಮತ್ತೆ ತೋರುತ್ತದೆ. ಪಾನಕದಲ್ಲಿ ಹಾದುಬರುವಾಗ ಬೆಳಕಿನ ಸಮತಲವೇ ಒಂದಿಷ್ಟು ತಿರುಗಿಬಿಟ್ಟಿರುತ್ತದೆ. ಎರಡನೆಯ ಹರಳನ್ನು ಎಷ್ಟು ಡಿಗ್ರಿ ತಿರುಗಿಸಿದರೆ ಮತ್ತೆ ಕತ್ತಲಾಗುವುದೋ ಅಷ್ಟು ಡಿಗ್ರಿ ಬೆಳಕು ತಿರುಗಿತೆಂದು ಲೆಕ್ಕ. ಈ ಉಪಕರಣವೇ ಪೋಲಾರಿಮೀಟರ್.

ಬೆಣಚುಕಲ್ಲಿನ ಹರಳು ಬೆಳಕನ್ನು ಹೀಗೆ ತಿರುಗಿಸುವುದನ್ನು ಆರಗೋ ಎಂಬಾತನು ೧೮೧೧ರಲ್ಲಿ ಕಂಡಿದ್ದನು. ಆದರೆ ಟರ್ಪೆಂಟೈನ್, ಸಕ್ಕರೆಯ ದ್ರಾವಣ ಮುಂತಾದ ದ್ರವಗಳೂ ತಿರುಗಿಸುತ್ತವೆಂದು ೧೮೧೫ರಲ್ಲಿ ತೋರಿಸಿದವನು ಜ್ಯಾಂ ಬಾಪ್ತೀಸ್ತ್ ಬಿಯೋ. ಈ ಒಂದು ವಿಷಯದ ಹಿಂದೆ ಆತನು ಮುಂದಿನ ನಾಲ್ಕು ದಶಕಗಳನ್ನು ಸವೆಸಿದನು. ಬೆಣಚುಕಲ್ಲನ್ನು ಕರಗಿಸಿದರೆ ಅದರ ತಿರುಗಿಸುವ ಗುಣ ಮಾಯವಾಗುತ್ತದೆ. ಆದುದರಿಂದ ಅಲ್ಲಿ ಕಾರಣ ಹರಳಿನೊಳಗಿನ ಜೋಡಣೆ. ದ್ರವದಲ್ಲಿ ಅಂಥ ಜೋಡಣೆಯೇ ಇಲ್ಲವಲ್ಲ! ಟರ್ಪೆಂಟೈನನ್ನು ಕಾಯಿಸಿ ಆವಿಮಾಡಿದರೂ ಅದು ಬೆಳಕನ್ನು ತಿರುಗಿಸುವುದನ್ನು ಬಿಯೋ ಪರೀಕ್ಷಿಸಿ ನೋಡಿದನು. ಹಾಗಾದರೆ ಆ ಗುಣ ವಸ್ತುವಿನ ಒಂದೊಂದು ಕಣದಲ್ಲಿಯೇ ಅಡಗಿರಬೇಕು. ಅಣುಗಳುಂಟೇ ಇಲ್ಲವೇ ಎಂದು ಪಂಡಿತರು ವಾದಿಸುತ್ತಿದ್ದ ಕಾಲದಲ್ಲಿ ಇದು ಎದೆಗಾರಿಕೆಯ ಮಾತು. ಆದರೆ ಕಣದಲ್ಲಿ ಅಡಗಿರುವುದು ಏನು ಎಂಬುದನ್ನು ಹೇಳಲು ಬಿಯೋಗೆ ಸಾಧ್ಯವಾಗಲಿಲ್ಲ.

೧೮೪೪ರಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಮಿಚರ್ಲಿಕ್ ಒಂದು ವಿಚಿತ್ರವನ್ನು ಪ್ರಕಟಿಸಿದನು. ಟಾರ್ಟಾರಿಕ್ ಮತ್ತು ಪ್ಯಾರಾಟಾರ್ಟಾರಿಕ್ ಆಮ್ಲಗಳೆರಡರಿಂದಲೂ ಸೋಡಿಯಂ ಮತ್ತು ಅಮೋನಿಯಂ ಸೇರಿದ ಲವಣಗಳನ್ನು ಮಾಡಬಹುದು. ಈ ಎರಡು ಲವಣಗಳ ಹರಳಿನ ಆಕಾರ, ಕೋನ, ತೂಕ ಎಲ್ಲವೂ ಒಂದೇ. ಆದರೆ ಮೊದಲನೆಯದರ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎರಡನೆಯದು ಕಿಂಚಿತ್ತೂ ತಿರುಗಿಸುವುದಿಲ್ಲ. ಎಲ್ಲದರಲ್ಲಿಯೂ ಒಂದೇ ಆದ ವಸ್ತುಗಳು ಬೆಳಕಿನ ಮುಂದೆ ಮಾತ್ರ ಬೇರೆಯಾಗುವುದು ಹೇಗೆ?

ಈ ಬರಹವನ್ನು ಓದಿ ನೆಮ್ಮದಿ ಕಳೆದುಕೊಂಡವರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ವಿದ್ಯಾಲಯದ ತರುಣನೊಬ್ಬನಿದ್ದನು. ಆತನೇ ಲೂಯಿ ಪಾಶ್ಚರ್. ತಂದೆ ಚರ್ಮ ಹದಮಾಡುವ ಕಸುಬಿನವನು. ನೆಪೋಲಿಯನ್ನನ ದಂಡಿನಲ್ಲಿ ಸಿಪಾಯಿಯಾಗಿದ್ದವನು. ಬಾಲ್ಯದಲ್ಲಿ ಪಾಶ್ಚರನಿಗೆ ಚಿತ್ರ ಬರೆಯುವುದರಲ್ಲಿ ಬಹಳ ಆಸಕ್ತಿ. ತಂದೆತಾಯಿಗಳ ಭಾವಚಿತ್ರಗಳನ್ನು ಬಣ್ಣದ ಕಡ್ಡಿಗಳಿಂದ ಸೊಗಸಾಗಿ ಬರೆದಿದ್ದನು. ಚಿತ್ರ ಬರೆದು ಪಳಗಿದ ಕಣ್ಣು ಎಡಬಲಗಳ ಭೇದವನ್ನು ಬೇಗ ಗುರುತಿಸುತ್ತದೆ. ಮುಂದೆ ನಡೆದುದಕ್ಕೆ ಆ ಅಭ್ಯಾಸವೂ ನೆರವಾಗಿರಬೇಕು.

೧೮೪೮ ಫ್ರಾನ್ಸಿನಲ್ಲಿ ಕ್ರಾಂತಿಯ ವರ್ಷ. ಫೆಬ್ರವರಿಯಲ್ಲಿ ದೊರೆ ಸಿಂಹಾಸನವನ್ನು ಬಿಟ್ಟು ಓಡಿಹೋದನು. ಬೀದಿಗಳಲ್ಲಿ ಗದ್ದಲ ಇನ್ನೂ ಆರಿರದ ಆ ವಸಂತದಲ್ಲಿ ಇಪ್ಪತ್ತೈದರ ಪಾಶ್ಚರನು ಟಾರ್ಟಾರಿಕ್ ಆಮ್ಲದ ಲವಣಗಳನ್ನು ಒಂದೊಂದಾಗಿ ಹರಳುಗಟ್ಟಿಸಿ ನೋಡುತ್ತಿದ್ದನು. ಅವುಗಳ ಅಂಚಿನಲ್ಲಿ ಅತಿ ಚಿಕ್ಕದಾದ ಓರೆಮುಖವೊಂದು ಅವನ ಕಣ್ಣಿಗೆ ಬಿದ್ದಿತು. ಅದು ಎಲ್ಲ ಹರಳುಗಳಲ್ಲಿಯೂ ಒಂದೇ ಪಕ್ಕದಲ್ಲಿತ್ತು. ಬೆಣಚುಕಲ್ಲಿನ ಹರಳುಗಳಲ್ಲಿ ಇಂಥ ಓರೆಮುಖ ಎಡಕ್ಕಿದ್ದರೆ ಬೆಳಕು ಒಂದು ಕಡೆಗೂ ಬಲಕ್ಕಿದ್ದರೆ ಮತ್ತೊಂದು ಕಡೆಗೂ ತಿರುಗುವುದೆಂದು ಇಂಗ್ಲೆಂಡಿನ ಜಾನ್ ಹರ್ಷಲ್ ಮೊದಲೇ ತಿಳಿಸಿದ್ದುದು ಪಾಶ್ಚರನ ನೆನಪಿನಲ್ಲಿತ್ತು. ಬೆಳಕನ್ನು ತಿರುಗಿಸದ ಪ್ಯಾರಾಟಾರ್ಟಾರಿಕ್ ಲವಣದ ಹರಳಿಗೆ ಈ ಓರೆಮುಖ ಇರಲಾರದೆಂದು ಅವನು ಊಹಿಸಿದನು.

ನೋಡಿದರೆ ಅದಕ್ಕೂ ಇತ್ತು! ಒಂದು ಕ್ಷಣ ಎದೆ ಕುಸಿದಂತಾಯಿತು. ಆದರೆ ಅವನು ಹರಳುಗಳನ್ನು ಪಕ್ಕಕ್ಕೆ ತಳ್ಳಲಿಲ್ಲ. ಒಂದೊಂದನ್ನೂ ಒಂದೇ ರೀತಿಯಲ್ಲಿ ತನ್ನ ಎದುರಿಗೆ ನಿಲ್ಲಿಸಿ ಮತ್ತೆ ನೋಡಿದನು. ಕೆಲವು ಹರಳುಗಳಲ್ಲಿ ಓರೆಮುಖ ಬಲಕ್ಕಿತ್ತು, ಕೆಲವುಗಳಲ್ಲಿ ಎಡಕ್ಕಿತ್ತು. ಒಂದು ಬಗೆ ಮತ್ತೊಂದರ ಕನ್ನಡಿಯ ಬಿಂಬದಂತಿತ್ತು. ಮಿಚರ್ಲಿಕ್ ಅಜಾಗರೂಕನೆಂದು ಯಾರೂ ಹೇಳುವಂತಿಲ್ಲ. ಯೂರೋಪಿನಲ್ಲಿ ಹರಳುಗಳನ್ನು ಅವನಷ್ಟು ಬಲ್ಲವರು ವಿರಳ. ಎರಡೂ ಒಂದೇ ಎಂದು ಮನಸ್ಸು ನಿಶ್ಚಯಿಸಿದ ಮೇಲೆ ಕಣ್ಣು ಭೇದವನ್ನು ಹುಡುಕುವುದಿಲ್ಲ, ಅಷ್ಟೇ.

ಪಾಶ್ಚರನು ಚಿಮುಟ ಹಿಡಿದು ಕುಳಿತನು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬಲಗೈ ಹರಳುಗಳನ್ನು ಒಂದು ಕಡೆಗೂ ಎಡಗೈ ಹರಳುಗಳನ್ನು ಮತ್ತೊಂದು ಕಡೆಗೂ ಬೇರ್ಪಡಿಸಿದನು. ಎರಡನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ ಪೋಲಾರಿಮೀಟರಿನಲ್ಲಿಟ್ಟನು. ಬಲಗೈ ಹರಳಿನ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು. ಎಡಗೈ ಹರಳಿನ ದ್ರಾವಣ ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ಎರಡನ್ನೂ ಸಮತೂಕದಲ್ಲಿ ಬೆರೆಸಿದಾಗ ಬೆಳಕು ಎತ್ತಲೂ ತಿರುಗಲಿಲ್ಲ. ಪ್ಯಾರಾಟಾರ್ಟಾರಿಕ್ ಆಮ್ಲದ ಗುಟ್ಟು ರಟ್ಟಾಯಿತು. ಅದು ಒಂದು ವಸ್ತುವಲ್ಲ. ಒಂದನ್ನೊಂದು ಹೊಡೆದುಹಾಕುವ ಎರಡು ವಸ್ತುಗಳ ಸಮಪಾಲು. ತರುಣನಿಗೆ ಉಪಕರಣದಲ್ಲಿ ಮತ್ತೊಮ್ಮೆ ಕಣ್ಣಿಡುವ ತಾಳ್ಮೆಯೂ ಉಳಿಯಲಿಲ್ಲ. ಕೋಣೆಯಿಂದ ಹೊರಗೆ ಓಡಿ, ಓಣಿಯಲ್ಲಿ ಎದುರಾದ ಸಹಾಯಕನೊಬ್ಬನನ್ನು ಅಪ್ಪಿಕೊಂಡು, ತಾನು ಕಂಡುದನ್ನು ವಿವರಿಸಲು ಅವನನ್ನು ಲಕ್ಸೆಂಬರ್ಗ್ ತೋಟಕ್ಕೆ ಎಳೆದುಕೊಂಡು ಹೋದನು. ಮಾಲ್ಯೂಸ್ ನಾಲ್ವತ್ತು ವರ್ಷಗಳ ಹಿಂದೆ ಸಂಜೆಯ ಸೂರ್ಯನನ್ನು ನೋಡಿದ್ದುದು ಆ ತೋಟದ ಅರಮನೆಯ ಕಿಟಕಿಗಳಲ್ಲಿಯೇ.

ಈ ಯಶಸ್ಸಿನಲ್ಲಿ ಅದೃಷ್ಟದ ಪಾಲೂ ಇತ್ತೆನ್ನಬೇಕು. ಈ ಲವಣ ಎರಡು ಬಗೆಯ ಹರಳುಗಳಾಗಿ ಬೇರ್ಪಡುವುದು ದ್ರಾವಣದ ಉಷ್ಣತೆ ಸುಮಾರು ೨೭ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯಿದ್ದಾಗ ಮಾತ್ರ. ಅದಕ್ಕಿಂತ ಬಿಸಿಯಾದರೆ ಎಡವೂ ಬಲವೂ ಒಂದೇ ಹರಳಿನೊಳಗೆ ಸೇರಿಕೊಳ್ಳುತ್ತವೆ. ಇದು ಪಾಶ್ಚರನಿಗೆ ಆಗ ತಿಳಿದಿರಲಿಲ್ಲ. ಪ್ಯಾರಿಸ್ಸಿನ ತಂಪು ಹವೆ ಅವನ ಕೈಹಿಡಿಯಿತು.

ಸುದ್ದಿ ಬಿಯೋಗೆ ಮುಟ್ಟಿತು. ಆತನಿಗೆ ಆಗ ಎಪ್ಪತ್ತನಾಲ್ಕು ವರ್ಷ. ತನ್ನ ಬಾಳಿನ ಬಹುಭಾಗವನ್ನು ತೆತ್ತ ಪ್ರಶ್ನೆಗೆ ಇಪ್ಪತ್ತೈದರ ಹುಡುಗನೊಬ್ಬ ಉತ್ತರ ತಂದಿದ್ದಾನೆಂದರೆ ಹಿರಿಯನು ಸುಲಭವಾಗಿ ನಂಬುವಂತಿರಲಿಲ್ಲ. ತನ್ನ ಕಣ್ಣೆದುರಿಗೇ ಪ್ರಯೋಗ ನಡೆಯಬೇಕೆಂದು ಹೇಳಿಕಳುಹಿಸಿದನು. ಪಾಶ್ಚರನು ಬಂದಾಗ, ತಾನೇ ಪರೀಕ್ಷಿಸಿ ನೋಡಿದ್ದ ಪ್ಯಾರಾಟಾರ್ಟಾರಿಕ್ ಆಮ್ಲವನ್ನು ಅವನ ಕೈಗೆ ಕೊಟ್ಟನು. ಸೋಡವನ್ನೂ ಅಮೋನಿಯವನ್ನೂ ತಾನೇ ಒದಗಿಸಿದನು. ದ್ರಾವಣ ಸಿದ್ಧವಾದ ಮೇಲೆ ಅದನ್ನು ತನ್ನ ಬಳಿಯಲ್ಲಿಯೇ ಇರಿಸಿಕೊಂಡನು. ಕೆಲವು ದಿನಗಳಲ್ಲಿ ನೀರು ಆರಿ ಹರಳು ಮೂಡಿದಾಗ ಪಾಶ್ಚರನನ್ನು ಮತ್ತೆ ಕರೆಸಿದನು. ತರುಣನು ಹರಳುಗಳನ್ನು ಆರಿಸಿ, ಬೆಳಕನ್ನು ಎಡಕ್ಕೆ ತಿರುಗಿಸುವಂಥವು ಇವು, ಬಲಕ್ಕೆ ತಿರುಗಿಸುವಂಥವು ಇವು ಎಂದು ಬೇರೆ ಬೇರೆ ಇಟ್ಟನು. ಮುಂದಿನ ಕೆಲಸ ತನ್ನದೆಂದು ಹೇಳಿ ಬಿಯೋ ತಾನೇ ತೂಗಿ ಕರಗಿಸಿದನು.

ಮೊದಲು ಪರೀಕ್ಷೆಗೆ ಇಟ್ಟುದು ಎಡಗೈ ಹರಳಿನ ದ್ರಾವಣವನ್ನು. ಟಾರ್ಟಾರಿಕ್ ಆಮ್ಲ ಬೆಳಕನ್ನು ಎಡಕ್ಕೆ ತಿರುಗಿಸಿದ್ದನ್ನು ಅದುವರೆಗೆ ಲೋಕದಲ್ಲಿ ಪಾಶ್ಚರನಲ್ಲದೆ ಯಾರೂ ಕಂಡಿರಲಿಲ್ಲ. ಮುದುಕನು ಕಣ್ಣಿಟ್ಟು ನೋಡಿದನು. ಡಿಗ್ರಿಗಳನ್ನು ಓದುವ ಅಗತ್ಯವೇ ಬೀಳಲಿಲ್ಲ. ಮೊದಲ ನೋಟಕ್ಕೇ ಬೆಳಕು ಎಡಕ್ಕೆ ತಿರುಗಿದ್ದು ಸ್ಪಷ್ಟವಾಗಿತ್ತು. ಆತನು ಪಾಶ್ಚರನ ತೋಳನ್ನು ಹಿಡಿದುಕೊಂಡು, ಪ್ರೀತಿಯಿಂದ ಮಗುವೆಂದು ಕರೆದು, ತಾನು ಬಾಳಿನುದ್ದಕ್ಕೂ ವಿಜ್ಞಾನವನ್ನು ಎಷ್ಟು ಪ್ರೀತಿಸಿದವನೆಂದರೆ ಇದನ್ನು ಕಂಡು ತನ್ನ ಎದೆ ಬಡಿದುಕೊಳ್ಳುತ್ತಿದೆ ಎಂದು ಹೇಳಿದನು. ಅಂದಿನಿಂದ ಹಿರಿಯನು ಕಿರಿಯನ ಬೆಂಬಲಿಗನಾಗಿ ನಿಂತನು.

ಇನ್ನು, ಕಣ್ಣಿಗೆ ಕಾಣದ ಅಣು ಬೆಳಕಿನ ಸಮತಲವನ್ನು ತಿರುಗಿಸುವುದಾದರೂ ಹೇಗೆ? ಇದಕ್ಕೆ ೧೮೨೦ರ ದಶಕದಲ್ಲಿಯೇ ಫ್ರೆನೆಲ್ ಎಂಬ ಪ್ರತಿಭಾವಂತನು ದಾರಿ ತೋರಿಸಿದ್ದನು. ಒಂದು ಗೆರೆಯಲ್ಲಿ ತೂಗುವ ಚಲನೆಯನ್ನು ಎರಡು ವೃತ್ತಾಕಾರದ ಚಲನೆಗಳು ಕೂಡಿ ಆದುದೆಂದು ತಿಳಿಯಬಹುದು. ಅರಳಿಕಟ್ಟೆಯೊಂದರ ಸುತ್ತ ಇಬ್ಬರು ಬಾಲಕರು ಒಂದೇ ಸ್ಥಳದಿಂದ, ಒಂದೇ ವೇಗದಲ್ಲಿ, ಒಬ್ಬನು ಬಲಕ್ಕೂ ಮತ್ತೊಬ್ಬನು ಎಡಕ್ಕೂ ಓಡಲಿ. ಅವರು ಕಟ್ಟೆಯ ಹಿಂದೆ ಒಮ್ಮೆ, ಮುಂದೆ ಒಮ್ಮೆ ಸಂಧಿಸುತ್ತಿರುತ್ತಾರೆ. ಆ ಎರಡು ಸ್ಥಳಗಳನ್ನು ಸೇರಿಸುವ ಗೆರೆ ಬದಲಾಗುವುದಿಲ್ಲ. ಆದರೆ ಒಬ್ಬನನ್ನು ಯಾರೋ ಒಂದು ಗಳಿಗೆ ತಡೆದು ಬಿಟ್ಟರೆ? ಮತ್ತೆ ಅದೇ ವೇಗದಲ್ಲಿ ಓಡಿದರೂ ಅವರು ಸಂಧಿಸುವ ಸ್ಥಳ ಪಕ್ಕಕ್ಕೆ ಸರಿಯುತ್ತದೆ. ತಡೆದಷ್ಟೂ ಹೆಚ್ಚು ಸರಿಯುತ್ತದೆ. ಧ್ರುವೀಕೃತ ಬೆಳಕಿನಲ್ಲಿಯೂ ಬಲಸುತ್ತಿನ ಅಲೆ ಒಂದು, ಎಡಸುತ್ತಿನ ಅಲೆ ಒಂದು ಇವೆ. ನೀರಿನಲ್ಲಿ ಎರಡೂ ಸಮನಾಗಿ ಸಾಗುತ್ತವೆ. ಸಕ್ಕರೆಯ ಅಥವಾ ಟಾರ್ಟಾರಿಕ್ ಆಮ್ಲದ ಅಣುಗಳ ನಡುವೆ ಒಂದು ಸುತ್ತಿನ ಅಲೆ ಮತ್ತೊಂದಕ್ಕಿಂತ ಅತ್ಯಲ್ಪವಾಗಿ ಹಿಂದುಳಿಯುತ್ತದೆ. ಕೊಳವೆ ಉದ್ದವಾದಷ್ಟೂ, ದ್ರಾವಣ ಗಟ್ಟಿಯಾದಷ್ಟೂ ಈ ಹಿಂದುಳಿಕೆ ಕೂಡುತ್ತ ಹೋಗುತ್ತದೆ. ಹೊರಗೆ ಬರುವ ವೇಳೆಗೆ ಬೆಳಕು ತೂಗುವ ಗೆರೆ ತಿರುಗಿರುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿಗೆ ಒಂದು ಸಂದೇಹ ಹುಟ್ಟಬಹುದು. ದ್ರಾವಣದಲ್ಲಿ ಅಣುಗಳು ಹೇಗೆಂದರೆ ಹಾಗೆ ಹೊರಳುತ್ತಿರುತ್ತವೆ. ಒಂದು ನೆಟ್ಟಗಿದ್ದರೆ ಮತ್ತೊಂದು ತಲೆಕೆಳಗು. ಒಂದು ತಿರುಗಿಸಿದ್ದನ್ನು ಮತ್ತೊಂದು ಹಿಂದಕ್ಕೆ ತಿರುಗಿಸಿಬಿಡುವುದಿಲ್ಲವೇ? ಇದಕ್ಕೆ ಶಂಖವೇ ಉತ್ತರ ಹೇಳುತ್ತದೆ. ಸಾಮಾನ್ಯವಾದ ಶಂಖ ಒಂದು ಕಡೆಗೆ ಸುತ್ತಿಕೊಂಡಿದ್ದರೆ, ಬಹು ಅಪರೂಪವಾದ ಬಲಮುರಿ ಶಂಖ ಅದಕ್ಕೆ ವಿರುದ್ಧವಾಗಿ ಸುತ್ತಿಕೊಂಡಿರುತ್ತದೆ. ಸಾಮಾನ್ಯ ಶಂಖವನ್ನು ತಲೆಕೆಳಗು ಮಾಡಿದರೂ, ಮಗುಚಿದರೂ ಅದು ಬಲಮುರಿಯಾಗುವುದಿಲ್ಲ. ಹಾಗಾಗುವಂತಿದ್ದರೆ ಬಲಮುರಿ ಶಂಖಕ್ಕೆ ಅಷ್ಟು ಬೆಲೆ ಎಲ್ಲಿಯದು! ಅಣುವಿನ ಮಾತೂ ಹೀಗೆಯೇ. ಎತ್ತ ಹೊರಳಿದರೂ ಅದರ ಮುರಿ ಬದಲಾಗದು. ಕನ್ನಡಿಯ ಬಿಂಬದಂಥ ಅಣು ಬಂದು ಸೇರಿದರೆ ಮಾತ್ರ ಒಂದರ ಕೆಲಸವನ್ನು ಮತ್ತೊಂದು ಅಳಿಸುತ್ತದೆ.

ಅಣುವಿಗೆ ಈ ಮುರಿ ಬಂದುದು ಎಲ್ಲಿಂದ ಎಂಬುದನ್ನು ೧೮೭೪ರಲ್ಲಿ ಹಾಲೆಂಡಿನ ವಾನ್ ಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಎಂಬ ಇಬ್ಬರು ತರುಣರು ಬೇರೆ ಬೇರೆಯಾಗಿಯೇ ಯೋಚಿಸಿ ತಿಳಿಸಿದರು. ಇಂಗಾಲದ ಪರಮಾಣುವಿನ ನಾಲ್ಕು ಕೈಗಳು ಕಾಗದದ ಮೇಲೆ ಬರೆದಂತೆ ಚಪ್ಪಟೆಯಾಗಿ ಹರಡಿಲ್ಲ. ಮುಮ್ಮೂಲೆಯ ತಳವಿರುವ ಗೋಪುರದ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿವೆ. ನಾಲ್ಕು ಮೂಲೆಗಳಲ್ಲಿಯೂ ಬೇರೆ ಬೇರೆ ಪರಮಾಣುಗಳೋ ಅವುಗಳ ಗುಂಪುಗಳೋ ಇದ್ದರೆ ಅವನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಒಂದು ಮತ್ತೊಂದರ ಕನ್ನಡಿಬಿಂಬ. ಎಡಗೈ ಬಲಗೈಗಳಂತೆ ಒಂದರ ಮೇಲೊಂದು ಹೊಂದಿ ಕೂರುವುದಿಲ್ಲ. ಹಿರಿಯ ಪಂಡಿತರಲ್ಲಿ ಕೆಲವರು ಇದನ್ನು ಹಾಸ್ಯ ಮಾಡಿದರು. ವಾನ್ ಟ್ ಹಾಫನಿಗೆ ೧೯೦೧ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ದೊರೆಯಿತು. ಅದು ಇತರ ಸಂಶೋಧನೆಗಾಗಿ ಬಂದುದಾದರೂ ಹಾಸ್ಯದ ನೆನಪನ್ನು ಅಳಿಸಿತು. ಇಂಥ ಎಡಬಲದ ಗುಣಕ್ಕೆ ಗ್ರೀಕ್ ಭಾಷೆಯ ‘ಕೈ’ ಎಂಬ ಪದದಿಂದ ‘ಕೈರಲ್’ ಎಂದು ಹೆಸರು ಕಟ್ಟಿದವನು ಲಾರ್ಡ್ ಕೆಲ್ವಿನ್, ೧೮೯೩ರ ಉಪನ್ಯಾಸವೊಂದರಲ್ಲಿ. ನಮ್ಮ ಭಾಷೆಯ ‘ಕೈ’ಯೂ ಅದರೊಳಗೆ ಕೇಳಿಸುವುದು ಬರಿಯ ಆಕಸ್ಮಿಕ.

ಸಕ್ಕರೆ ಕಾರ್ಖಾನೆಗಳಲ್ಲಿ ಬಿಯೋನ ವಿದ್ಯೆ ದಿನನಿತ್ಯದ ಕೆಲಸಕ್ಕೆ ಬಂದಿದೆ. ೧೦೦ ಮಿಲಿಲೀಟರ್ ದ್ರಾವಣದಲ್ಲಿ ೧೦ ಗ್ರಾಂ ಸಕ್ಕರೆಯಿದ್ದರೆ, ೨೦ ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಸೋಡಿಯಂ ದೀಪದ ಹಳದಿ ಬೆಳಕು ೧೩.೩ ಡಿಗ್ರಿ ಬಲಕ್ಕೆ ತಿರುಗುತ್ತದೆ. ಈ ಲೆಕ್ಕವನ್ನು ಹಿಡಿದು ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುತ್ತಾರೆ. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಸಕ್ಕರೆ ಒಡೆದು ಬೇರೆ ಸಕ್ಕರೆಗಳಾಗುತ್ತದೆ. ಆ ಮಿಶ್ರಣ ಬೆಳಕನ್ನು ಎಡಕ್ಕೆ ತಿರುಗಿಸುವಂಥದು. ಆಗ ಉಪಕರಣದ ಅಂಕಿ ಇಳಿಯುತ್ತದೆ.

ಪಾಶ್ಚರನು ಅಷ್ಟಕ್ಕೇ ನಿಲ್ಲಲಿಲ್ಲ. ೧೮೫೦ರ ದಶಕದ ಕೊನೆಯಲ್ಲಿ ಆತನು ಪ್ಯಾರಾಟಾರ್ಟಾರಿಕ್ ಲವಣದ ದ್ರಾವಣದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವಂತೆ ಮಾಡಿ ನೋಡಿದನು. ಮೊದಲು ಬೆಳಕನ್ನು ಎತ್ತಲೂ ತಿರುಗಿಸದಿದ್ದ ದ್ರಾವಣ ಬರಬರುತ್ತ ಎಡಕ್ಕೆ ತಿರುಗಿಸತೊಡಗಿತು. ಸೂಕ್ಷ್ಮಜೀವಿಗಳು ಬಲಗೈ ಅಣುಗಳನ್ನು ತಿಂದು ಎಡಗೈ ಅಣುಗಳನ್ನು ಹಾಗೆಯೇ ಬಿಟ್ಟಿದ್ದವು. ಚಿಮುಟ ಹಿಡಿದು ಮನುಷ್ಯನು ಮಾಡಿದ ಕೆಲಸವನ್ನು ಕಣ್ಣೇ ಇಲ್ಲದ ಜೀವಿ ಮಾಡಿತ್ತು! ನಮ್ಮ ಮೂಗಿಗೂ ಈ ಶಕ್ತಿ ಒಂದಿಷ್ಟು ಉಂಟು. ಪುದೀನದ ಕಂಪಿಗೂ ಸಬ್ಬಸಿಗೆ ಬೀಜದ ಕಂಪಿಗೂ ಮುಖ್ಯ ಕಾರಣವಾದ ವಸ್ತು ಒಂದೇ, ಅದರ ಹೆಸರು ಕಾರ್ವೋನ್; ಒಂದರಲ್ಲಿರುವುದು ಎಡಗೈ ಅಣು, ಮತ್ತೊಂದರಲ್ಲಿರುವುದು ಬಲಗೈ ಅಣು. ಕಣ್ಣು ಮುಚ್ಚಿಕೊಂಡು ಮೂಸಿದರೂ ಇವೆರಡನ್ನು ಒಂದೆಂದು ಯಾರೂ ಹೇಳಲಾರರು.

ಜೀವಿಗಳ ಶರೀರವನ್ನು ಕಟ್ಟಿರುವ ಪ್ರೋಟೀನುಗಳಲ್ಲಿ ಅಮೈನೋ ಆಮ್ಲಗಳು ಹೆಚ್ಚುಕಡಮೆ ಎಲ್ಲವೂ ಒಂದೇ ಕೈಯವು. ಪ್ರಯೋಗಶಾಲೆಯಲ್ಲಿ ಸಾಮಾನ್ಯ ರೀತಿಯಲ್ಲಿ ತಯಾರಿಸಿದರೆ ಎರಡು ಕೈಯವೂ ಸಮಸಮವಾಗಿ ಹುಟ್ಟುತ್ತವೆ. ಜೀವ ಒಂದೇ ಕೈಯನ್ನು ಏಕೆ ಆರಿಸಿಕೊಂಡಿತೆಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ೧೯೬೯ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಎಂಬಲ್ಲಿ ಆಕಾಶದಿಂದ ಬಿದ್ದ ಕಲ್ಲಿನೊಳಗೆ ಅಮೈನೋ ಆಮ್ಲಗಳು ದೊರೆತವು. ಅವುಗಳಲ್ಲಿ ಕೆಲವು ಎಡಗೈಯವು ತುಸು ಹೆಚ್ಚಾಗಿವೆಯೆಂದು ೧೯೯೭ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಕಾಶದಿಂದ ಕಲ್ಲು ಬೀಳುತ್ತದೆಂದರೆ ವಿದ್ವಾಂಸರೇ ನಗುತ್ತಿದ್ದ ಕಾಲವೊಂದಿತ್ತು. ೧೮೦೩ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತಮುತ್ತ ನಡೆದಾಡಿ, ರೈತರನ್ನು ವಿಚಾರಿಸಿ, ಬಿದ್ದ ಕಲ್ಲುಗಳನ್ನು ಕಲೆಹಾಕಿ, ಅದು ನಿಜವೆಂದು ಸರ್ಕಾರಕ್ಕೆ ವರದಿ ಕೊಟ್ಟ ಇಪ್ಪತ್ತೊಂಬತ್ತರ ತರುಣನ ಹೆಸರು ಜ್ಯಾಂ ಬಾಪ್ತೀಸ್ತ್ ಬಿಯೋ.